ಬಯೋಮೆಡಿಕಲ್ ಸೈನ್ಸ್ ಓದಬೇಕಾ? ಬಳ್ಳಾರಿಯಿಂದ ಶುರು ಮಾಡುವುದು ಹೀಗೆ

ಪಿಯುಸಿ ರಿಸಲ್ಟ್ ಬಂದ ವಾರ ನಮ್ಮ ಲ್ಯಾಬಿಗೆ ರಕ್ತ ಕೊಡುವವರ ಜೊತೆ ಸಲಹೆ ಕೇಳುವವರೂ ಬರುತ್ತಾರೆ. "ಮಗಳಿಗೆ ಡಾಕ್ಟರ್ ಸೀಟು ಸಿಗೋದಿಲ್ಲ ಅನಿಸ್ತದ್ರೀ ಮೇಡಂ, ಸೈನ್ಸ್ ಬಿಡೋದಿಲ್ಲ ಅಂತಾಳ, ಏನು ಓದಿಸಬೇಕ್ರೀ?" ಅಂತ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ಬಯೋಮೆಡಿಕಲ್ ಎಂಜಿನಿಯರಿಂಗ್ ಬೇರೆ, ಅದು ಆಸ್ಪತ್ರೆ ಯಂತ್ರಗಳ ಓದು. ಬಯೋಮೆಡಿಕಲ್ ಸೈನ್ಸ್ ಅಂದರೆ ಮೈ ಹೇಗೆ ಕೆಲಸ ಮಾಡುತ್ತದೆ, ರೋಗ ಬಂದಾಗ ಒಳಗೆ ಏನು ಕೆಡುತ್ತದೆ, ಅದನ್ನು ಲ್ಯಾಬಿನಲ್ಲಿ ಹೇಗೆ ಹಿಡಿಯುವುದು ಎಂಬ ಓದು. ಇದೇ ಹೆಸರಿನ ಪದವಿ ಬೇಕೆಂದರೆ ದೆಹಲಿ ವಿಶ್ವವಿದ್ಯಾಲಯದ ಭಾಸ್ಕರಾಚಾರ್ಯ, ಆಚಾರ್ಯ ನರೇಂದ್ರ ದೇವ್, ಶಹೀದ್ ರಾಜಗುರು ಕಾಲೇಜುಗಳಲ್ಲಿದೆ, ಅದಕ್ಕೆ ಸಿಯುಇಟಿ ಎಂಬ ದೇಶಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಶಹೀದ್ ರಾಜಗುರು ಹುಡುಗಿಯರ ಕಾಲೇಜು. ಮನೆಗೆ ಹತ್ತಿರ ಬೇಕೆಂದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿಎಸ್ಸಿ ಎಂಎಲ್‌ಟಿ, ಅಂದರೆ ಮೆಡಿಕಲ್ ಲ್ಯಾಬ್ ಟೆಕ್ನಾಲಜಿ ನೋಡಿ. ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಷಿಪ್. ಎರಡಕ್ಕೂ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಲೇಬೇಕು. ಸಾಮಾನ್ಯ ಬಿಎಸ್ಸಿಯಲ್ಲಿ ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ ತೆಗೆದುಕೊಳ್ಳುವುದು ಇನ್ನೊಂದು ದಾರಿ. ವಿಷಯ ಚೆನ್ನಾಗಿ ಸಿಗುತ್ತದೆ, ಆದರೆ ರೋಗಿಯ ಸ್ಯಾಂಪಲ್ ಕೈಗೆ ಬರುವುದು ಕಡಿಮೆ.

ಆಮೇಲೆ ಕಾಗದಪತ್ರ. ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ ಅನ್ನುವುದನ್ನು ಮರೆಯಬೇಡಿ. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ನಮ್ಮವರಿಗೇ ಮೀಸಲು. ಇದಕ್ಕೆ ಎಸಿ (ಸಹಾಯಕ ಆಯುಕ್ತರ) ಆಫೀಸಿನ ಪ್ರಮಾಣಪತ್ರ ಬೇಕು. ರಿಸಲ್ಟ್ ಬಂದ ಮೇಲೆ ಓಡಾಡಿದರೆ ಆಗ ಎಲ್ಲರೂ ಅದೇ ಸಾಲಿನಲ್ಲಿ ನಿಂತಿರುತ್ತಾರೆ. ಡಿಸೆಂಬರ್ ಒಳಗೇ ಮಾಡಿಸಿಟ್ಟುಕೊಳ್ಳಿ, ಜಾತಿ-ಆದಾಯ ಪ್ರಮಾಣಪತ್ರವನ್ನೂ ಜೊತೆಗೇ ಮಾಡಿಸಿ, ಸ್ಕಾಲರ್‌ಷಿಪ್‌ಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಲು ಬೇಕಾಗುತ್ತದೆ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ. ಮೂರೂ ಊರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಬಳ್ಳಾರಿಯದಂತೂ 1961ರದು. ಅಲ್ಲಿಂದಲೇ ಶುರು ಮಾಡಿ, ಈ ವರ್ಷ ಯಾವ ಕೋರ್ಸು, ಎಷ್ಟು ಸೀಟು ಅಂತ ಆಫೀಸಿನಲ್ಲೇ ಕೇಳಿ. ಖಾಸಗಿ ಕಾಲೇಜಾದರೆ ಸ್ವಂತ ಆಸ್ಪತ್ರೆ ಇದೆಯಾ, ಒಂದು ಮೈಕ್ರೋಸ್ಕೋಪಿಗೆ ಎಷ್ಟು ಹುಡುಗರು, ದಿನಕ್ಕೆ ಎಷ್ಟು ಸ್ಯಾಂಪಲ್ ಬರುತ್ತದೆ ಅಂತ ಕೇಳಿ. ಉತ್ತರ ಕೊಡಲು ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನು ಓದಿನ ವಿಷಯ. ಇಲ್ಲಿ "ಯಾಕೆ" ಅಂತ ಕೇಳುವ ಅಭ್ಯಾಸವೇ ಎಲ್ಲ. ನನಗೆ ಇದು ಅರ್ಥವಾಗಿದ್ದು ಇಂಟರ್ನ್‌ಷಿಪ್‌ನಲ್ಲಿ, ಒಂದು ಏಪ್ರಿಲ್ ಮಧ್ಯಾಹ್ನ. ನಮ್ಮೂರ ಏಪ್ರಿಲ್ ಗೊತ್ತಲ್ವಾ, ಫ್ಯಾನ್ ಗಾಳಿಯೂ ಬಿಸಿ. ಒಬ್ಬ ಅಜ್ಜನ ರಕ್ತ ತೆಗೆದು ಕೆಂಪು ಮುಚ್ಚಳದ ಟ್ಯೂಬಿಗೆ ಹಾಕಿ, ಟ್ರೇನಲ್ಲಿ ಬಿಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಶುಗರ್ ಅಷ್ಟೇನಿಲ್ಲ. ಅಜ್ಜನಿಗೆ ಹತ್ತು ವರ್ಷದ ಸಕ್ಕರೆ ಕಾಯಿಲೆ! ಸೀನಿಯರ್ ಮತ್ತೆ ರಕ್ತ ತೆಗೆಸಿ, ಬೂದು ಮುಚ್ಚಳದ ಟ್ಯೂಬಿಗೆ ಹಾಕಿಸಿದರು. ಈ ಸಲ ಶುಗರ್ ಜಾಸ್ತಿಯೇ ಬಂತು. ಮೈಯಿಂದ ಹೊರಗೆ ಬಂದ ಮೇಲೂ ರಕ್ತಕಣ ಬದುಕಿರುತ್ತದೆ, ಟ್ಯೂಬಿನೊಳಗೇ ಕೂತು ಸಕ್ಕರೆ ತಿನ್ನುತ್ತದೆ. ಸಾಧಾರಣ ವಾತಾವರಣದಲ್ಲೇ ಗಂಟೆಗೆ ಶೇ 5ರಿಂದ 7ರಷ್ಟು ಇಳಿಯುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಬೂದು ಟ್ಯೂಬಿನಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ. ಅದು ಸಕ್ಕರೆ ಒಡೆಯುವ ದಾರಿಯಲ್ಲಿರುವ ಎನೊಲೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಆದರೂ ಪೂರ್ತಿ ಹಿಡಿತ ಸಿಗಲು ಒಂದೆರಡು ಗಂಟೆ ಬೇಕು, ಅದಕ್ಕೇ ಆ ಟ್ಯೂಬನ್ನೂ ಸುಮ್ನೆ ಇಡುವ ಹಾಗಿಲ್ಲ. ನಮ್ಮ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಜಾಸ್ತಿಯಾಗಿ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮಾಡುತ್ತದಲ್ಲ, ಅದೇ ಫ್ಲೋರೈಡ್. ಶುಗರ್‌ಗೆ ಬೂದು ಮುಚ್ಚಳ ಅಂತ ಯಾರು ಬೇಕಾದರೂ ಬಾಯಿಪಾಠ ಮಾಡಬಹುದು. ಯಾಕೆ ಅಂತ ಗೊತ್ತಿದ್ದವರಿಗೆ ಮಾತ್ರ ಅವತ್ತು ನನ್ನ ರಿಪೋರ್ಟ್ ನೋಡಿ ಅನುಮಾನ ಬಂತು.

ಕನ್ನಡ ಮೀಡಿಯಂನವರು ಇಂಗ್ಲಿಷ್ ಪದಗಳಿಗೆ ಹೆದರುತ್ತಾರೆ. ಪದ ಒಡೆದು ನೋಡಿ. ಹೈಪೊ ಅಂದರೆ ಕಡಿಮೆ, ಗ್ಲೈಕ್ ಅಂದರೆ ಸಕ್ಕರೆ, ಎಮಿಯಾ ಅಂದರೆ ರಕ್ತದಲ್ಲಿ. ಹೈಪೊಗ್ಲೈಸೀಮಿಯಾ ಮುಗಿಯಿತು. ಇಂಥ ಐವತ್ತು ತುಂಡು ಕಲಿತರೆ ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿ ಅರ್ಧ ಹಗುರ. ನೋಟ್ಸ್ ಕನ್ನಡದಲ್ಲೇ ಬರೆದುಕೊಳ್ಳಿ, ಪರೀಕ್ಷೆಗೆ ಮಾತ್ರ ಇಂಗ್ಲಿಷಿನಲ್ಲಿ ಬರೆದು ರೂಢಿ ಮಾಡಿಕೊಳ್ಳಿ.

ಕೈ ಪಳಗಿಸಲು ದಿನಾ ಒಂದು ಬ್ಲಡ್ ಸ್ಮಿಯರ್ ಮಾಡಿ. ಗ್ಲಾಸಿನ ಮೇಲೆ ಒಂದು ಸಣ್ಣ ಹನಿ, ಇನ್ನೊಂದು ಗ್ಲಾಸನ್ನು ಓರೆಯಾಗಿ ಹಿಡಿದು ಒಂದೇ ಎಳೆತ. ತುದಿ ಹಕ್ಕಿಯ ಪುಕ್ಕದ ಹಾಗೆ ತೆಳುವಾಗಿ ಮುಗಿಯಬೇಕು. ನನಗೆ ಸರಿಯಾಗಿ ಬರಲು ಎರಡು ತಿಂಗಳು ಹಿಡಿಯಿತು. ರೊನಾಲ್ಡ್ ರಾಸ್ 1897ರಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿ ಕಂಡುಹಿಡಿದದ್ದು ರಾಯಚೂರಿನವರು ರೈಲಿನಲ್ಲಿ ಹೋಗಿಬರುವ ಸಿಕಂದರಾಬಾದಿನಲ್ಲೇ. ಅವರ ಕೈಯಲ್ಲಿದ್ದದ್ದೂ ಒಂದು ಮೈಕ್ರೋಸ್ಕೋಪ್, ಜೊತೆಗೆ ಬೇಜಾನ್ ತಾಳ್ಮೆ.

ಪದವಿ ಮುಗಿದ ಮೇಲೆ ಲ್ಯಾಬ್ ಕೆಲಸಕ್ಕೆ ಸೇರಬಹುದು, ಎಂಎಸ್ಸಿ ಮಾಡಬಹುದು, ಸಂಶೋಧನೆ ಕಡೆಗೂ ಹೋಗಬಹುದು. ಅದನ್ನು ಈಗಲೇ ತೀರ್ಮಾನ ಮಾಡಬೇಕಿಲ್ಲ. ಸೀಟು ಹಿಡಿಯುವ ಮುಂಚೆ ಒಂದು ಕೆಲಸ ಮಾತ್ರ ಮಾಡಿ. ನಿಮ್ಮೂರ ಯಾವುದಾದರೂ ಲ್ಯಾಬಿಗೆ ಬೆಳಿಗ್ಗೆ ಎಂಟಕ್ಕೆ ಹೋಗಿ, ಕೇಳಿಕೊಂಡು ಒಂದು ತಾಸು ಮೂಲೆಯಲ್ಲಿ ನಿಂತು ನೋಡಿ. ಮಧ್ಯೆ ಒಂದು ಸ್ಲೈಡ್ ತೋರಿಸ್ತೀರಾ ಅಂತ ಕೇಳಿ, ಬಹಳ ಜನ ತೋರಿಸುತ್ತಾರೆ.