‘ನನ್ನನ್ನು ಪರೀಕ್ಷಿಸು’ ಎಂದು ಸಭೆಯೇ ಹೇಳುವಂತಾದ ಬಗೆ: ನನ್ನ ಅನುಭವ

ದೇವರು ಮನುಷ್ಯನ ಒಳಗನ್ನೆಲ್ಲ ಬಲ್ಲನೆಂದು ಹಾಡುವ, ಬೈಬಲಿನ ಕೀರ್ತನೆ 139ನ್ನು ಆಧರಿಸಿ ಕ್ರೈಸ್ತ ಸಭೆಯ ಬೋಧಕನಾಗಿ ಹದಿನೈದು ವರ್ಷಗಳಲ್ಲಿ ಸುಮಾರು ಮೂವತ್ತು ಸಲ ಪ್ರಸಂಗ ಮಾಡಿದ್ದೇನೆ. ಮೊದಲ ಇಪ್ಪತ್ತು ಫಲ ಕೊಡಲಿಲ್ಲ. ಯೆರೆಮೀಯ 17ರಿಂದ ಹೊರಟು ಇಬ್ರಿಯರಿಗೆ 4:13ಕ್ಕೆ ಬಂದು, ದೇವರ ಕಣ್ಣಿಗೆ ಮರೆಯಾದದ್ದು ಏನೂ ಇಲ್ಲವೆಂದು ಏರುದನಿಯಲ್ಲಿ ಮುಗಿಸುತ್ತಿದ್ದೆ. ಜನರು ತಲೆ ತಗ್ಗಿಸುತ್ತಿದ್ದರು. ಅದನ್ನು ನಾನು ಪಶ್ಚಾತ್ತಾಪವೆಂದು ತಿಳಿದಿದ್ದೆ. ಆದರೆ ಅದು ತಪ್ಪು ಮಾಡಿದ ಆದಾಮನು ದೇವರಿಗೆ ಹೆದರಿ ಏದೆನ್ ತೋಟದ ಮರಗಳ ಹಿಂದೆ ಅಡಗಿದಂಥ ಅಡಗುವಿಕೆಯಾಗಿತ್ತು.

ಒಮ್ಮೆ, ಒಬ್ಬ ವಿಶ್ವಾಸಿ ನನ್ನಲ್ಲಿ ಗುಟ್ಟಾಗಿ ತೋಡಿಕೊಂಡಿದ್ದ ಸಂಗತಿಯನ್ನು ಹೆಸರೆತ್ತದೆ ದೃಷ್ಟಾಂತವಾಗಿ ಬಳಸಿದೆ. ಮೂರನೆಯ ಸಾಲಿನಲ್ಲಿದ್ದ ಆತ ಬೈಬಲನ್ನು ಮೆಲ್ಲನೆ ಮುಚ್ಚಿ, ಅದರ ಮೇಲೆ ಎರಡೂ ಅಂಗೈಗಳನ್ನಿಟ್ಟು, ಕೊನೆಯ ಗೀತೆಯವರೆಗೂ ಹಾಗೆಯೇ ಕುಳಿತಿದ್ದ. ಮತ್ತೆ ಸಭೆಗೆ ಬರಲಿಲ್ಲ. ನಾನು ಬರೆದ ಎರಡು ಪತ್ರಗಳಿಗೂ ಉತ್ತರವಿಲ್ಲ. ದೇವರು ಬಲ್ಲದ್ದನ್ನು ನನ್ನ ಕೈಯ ಆಯುಧ ಮಾಡಿಕೊಂಡಿದ್ದೆ ಎಂಬ ನೋವು ಇಂದಿಗೂ ಇದೆ. ನಲವತ್ತು ವಚನಗಳ ಕರಪತ್ರಕ್ಕೆ ಒಂದು ತಿಂಗಳ ಸಂಭಾವನೆಯನ್ನೇ ಸುರಿದು, ಅದರ ಮುಕ್ಕಾಲು ಪಾಲು ಬೆಂಚುಗಳ ಮೇಲೆ ಉಳಿದದ್ದು ಇದರ ಮುಂದೆ ಏನೂ ಅಲ್ಲ.

ಆ ಬಳಿಕ, ಅಬ್ರಾಮನ ಹೆಂಡತಿ ಸಾರಯಳ ಕಾಟ ತಾಳದೆ ಅವಳ ದಾಸಿ ಹಾಗರಳು ಅಡವಿಗೆ ಓಡಿಹೋದ ಕಥೆಯಿರುವ ಆದಿಕಾಂಡ 16ರಿಂದ ಆರಂಭಿಸಿದೆ. ಆ ಅಧ್ಯಾಯದಲ್ಲಿ ಅಬ್ರಾಮನ ಬಾಯಲ್ಲಾಗಲಿ ಸಾರಯಳ ಬಾಯಲ್ಲಾಗಲಿ ಹಾಗರಳ ಹೆಸರು ಒಮ್ಮೆಯೂ ಬರುವುದಿಲ್ಲ, ಅವರಿಗೆ ಅವಳು ಬರೀ ದಾಸಿ. ಒರತೆಯ ಬಳಿ ದೇವರ ದೂತನೇ ಅವಳನ್ನು ಹೆಸರು ಹಿಡಿದು ಕರೆದು, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಎಂದು ಕೇಳುತ್ತಾನೆ. ಎಲ್ಲವನ್ನೂ ಬಲ್ಲವನು ಏಕೆ ಕೇಳಬೇಕು? ಇಡೀ ಪ್ರಸಂಗವನ್ನು ಈ ಒಂದು ಪ್ರಶ್ನೆಯ ಮೇಲೆ ನಿಲ್ಲಿಸಿದೆ. ಅಂಜೂರದ ಮರದ ಕೆಳಗಿದ್ದಾಗಲೇ ಯೇಸು ಕಂಡಿದ್ದ ನತಾನಯೇಲನನ್ನೂ, ತಾನು ಮಾಡಿದ್ದನ್ನೆಲ್ಲ ಹೇಳಿದ ಯೇಸುವನ್ನು ನೋಡಬನ್ನಿರೆಂದು ಊರವರನ್ನು ಕರೆದ ಸಮಾರ್ಯದ ಸ್ತ್ರೀಯನ್ನೂ ಆಮೇಲಷ್ಟೇ ತಂದೆ. ಇಬ್ರಿಯರಿಗೆ 4:13ನ್ನು ಬಿಡಲಿಲ್ಲ. ದೇವರ ಕೃಪಾಸನಕ್ಕೆ ಧೈರ್ಯದಿಂದ ಬರಲು ಕರೆಯುವ 16ನೆಯ ವಚನದವರೆಗೆ ಓದತೊಡಗಿದೆ.

ಭಯ ತೆಗೆದರೆ ಪಾಪಕ್ಕೆ ಸಲಿಗೆ ಕೊಟ್ಟಂತೆ ಎಂದು ಸಭೆಯ ಹಿರಿಯರು ಎಚ್ಚರಿಸಿದರು. ಮೊದಲ ಮೂರು ತಿಂಗಳು ಕಾಣಿಕೆ ಕಾಲುಭಾಗದಷ್ಟು ಇಳಿದಾಗ ಲೆಕ್ಕದ ಪುಸ್ತಕವನ್ನೇ ನನ್ನ ಮುಂದಿಟ್ಟರು. ವರ್ಷ ತುಂಬುವಷ್ಟರಲ್ಲಿ ಅದು ಮೊದಲಿನ ಮಟ್ಟ ದಾಟಿತು. ನನಗೆ ಮುಖ್ಯವಾದ ಲೆಕ್ಕ ಬೇರೆ: ಹಿಂದಿನ ಹತ್ತು ವರ್ಷಗಳಲ್ಲಿ ತಾವಾಗಿ ಬಂದು ಪಾಪನಿವೇದನೆ ಮಾಡಿದವರು ಐದು ಮಂದಿಯೂ ಇರಲಿಕ್ಕಿಲ್ಲ, ಆ ಒಂದೇ ವರ್ಷದಲ್ಲಿ ಹದಿನಾಲ್ಕೋ ಹದಿನೈದೋ ಮಂದಿ ಬಂದರು. ಇಂಥ ಫಲ ಕಂಡ ಬೋಧಕರು ನನ್ನ ಪರಿಚಯದಲ್ಲಿ ಹೆಚ್ಚಿಲ್ಲ.

ಇನ್ನೊಂದು ಪ್ರಯೋಗವನ್ನೂ ಮಾಡಿ ನೋಡಿದೆ. ಕೀರ್ತನೆಯ 19ರಿಂದ 22ರವರೆಗಿನ ದ್ವೇಷದ ಮಾತುಗಳನ್ನು ಕೆಲವು ಸಲ ಓದದೆ ಬಿಟ್ಟೆ. ಪ್ರಸಂಗ ನಯವಾಯಿತು, ಆದರೆ 23ನೆಯ ವಚನ ಬಲ ಕಳೆದುಕೊಂಡಿತು. ಕೀರ್ತನೆಗಾರನು ತನ್ನ ಕೋಪವನ್ನೂ ಹೊರಗಿಟ್ಟ ಮೇಲೆಯೇ ‘ನನ್ನನ್ನು ಪರೀಕ್ಷಿಸು’ ಎನ್ನುತ್ತಾನೆ. ಅಲ್ಲಿನ ಹೀಬ್ರೂ ಕ್ರಿಯಾಪದ ಯೋಬ 28ರಲ್ಲಿ ಗಣಿಯ ಕತ್ತಲಲ್ಲಿ ಅದಿರು ಹುಡುಕುವವನಿಗೂ ಬಳಕೆಯಾಗಿದೆ. ಆ ನಾಲ್ಕು ವಚನಗಳನ್ನು ಈಗ ನಿಧಾನವಾಗಿಯೇ ಓದುತ್ತೇನೆ.

23ನೆಯ ವಚನವಾದ ಮೇಲೆ ನಾಲ್ಕು ನಿಮಿಷ ಮೌನ. ಒಂದು ನಿಮಿಷ ಸಾಲದು, ಏಳಾದರೆ ಮನಸ್ಸು ಚದುರುತ್ತದೆ. ಆ ಮೌನವನ್ನು ಯಾವ ಮಾತಿನಿಂದ ಮುರಿಯುತ್ತೇನೆಂಬುದನ್ನು ಇಲ್ಲಿ ಬರೆಯಲಾರೆ. ಅದು ಆಯಾ ಬೋಧಕನ ಪ್ರಾರ್ಥನೆಯಲ್ಲಿ ಹುಟ್ಟಬೇಕು. ಮೊದಲ ಸಲ ಹೀಗೆ ಮಾಡಿದ ದಿನ ನಾನು ಬಾಯಿ ತೆರೆಯುವ ಮುನ್ನವೇ, ಹಿಂದಿನ ಸಾಲಿನಿಂದ ಒಬ್ಬ ವೃದ್ಧೆ ಅದೇ ವಚನವನ್ನು ತನ್ನ ಪ್ರಾರ್ಥನೆಯಾಗಿ ಹೇಳಿದರು.