ಡಿಕ್ಕಿಯೋ, ದೃಷ್ಟಿಭ್ರಮೆಯೋ: ಬೆರೆಯುತ್ತಿರುವ ಗೆಲಾಕ್ಸಿಗಳನ್ನು ಗುರುತಿಸುವ ಬಗೆ

ಆಕಾಶದ ಚಿತ್ರವೊಂದರಲ್ಲಿ ಎರಡು ಗೆಲಾಕ್ಸಿಗಳು ಒಂದಕ್ಕೊಂದು ತಾಗಿಕೊಂಡಂತೆ ಕಂಡರೆ, ಅವು ಡಿಕ್ಕಿ ಹೊಡೆಯುತ್ತಿವೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಚಿತ್ರಕ್ಕೆ ಉದ್ದಗಲಗಳಿವೆಯೇ ಹೊರತು ಆಳವಿಲ್ಲ. ಎನ್‌ಜಿಸಿ 3314 ಎಂಬ ಜೋಡಿಯನ್ನು ಹಬಲ್ ದೂರದರ್ಶಕದ ಚಿತ್ರದಲ್ಲಿ ನೋಡಿದರೆ ಒಂದು ಸುರುಳಿಯ ಮೇಲೆ ಇನ್ನೊಂದು ಸುರುಳಿಯನ್ನು ತಂದಿಟ್ಟಂತಿದೆ. ವಾಸ್ತವದಲ್ಲಿ ಮುಂದಿನದು ಸುಮಾರು 11.7 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದ್ದರೆ ಹಿಂದಿನದು ಸುಮಾರು 14 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ, ಒಂದರ ಪಾಡು ಇನ್ನೊಂದಕ್ಕೆ ಗೊತ್ತಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಸಪ್ತರ್ಷಿಮಂಡಲದ ಬಳಿಯ ಎಂ 81 ಮತ್ತು ಎಂ 82 ಗೆಲಾಕ್ಸಿಗಳ ನಡುವೆ ಪೂರ್ಣಚಂದ್ರನ ಅಗಲಕ್ಕಿಂತ ಹೆಚ್ಚಿನ ಅಂತರ ಕಂಡರೂ ಅವು ಹಿಂದೊಮ್ಮೆ ಒಂದನ್ನೊಂದು ಬಲವಾಗಿ ಎಳೆದಾಡಿಕೊಂಡಿವೆ. 1994ರಲ್ಲಿ ರೇಡಿಯೊ ದೂರದರ್ಶಕಗಳ ನೆರವಿನಿಂದ ಜಲಜನಕದ ನಕ್ಷೆ ಪ್ರಕಟವಾದಾಗ, ಖಾಲಿಯೆಂದು ಕಾಣುತ್ತಿದ್ದ ಆ ನಡುವಿನ ಜಾಗದಲ್ಲಿ ಅನಿಲದ ಹೊಳೆಗಳೇ ಹರಡಿಕೊಂಡಿರುವುದು ತಿಳಿದುಬಂತು. ಆದ್ದರಿಂದ ಜೋಡಿಯೊಂದನ್ನು ಪರೀಕ್ಷಿಸಲು ಕುಳಿತವರು ಎಷ್ಟು ಹತ್ತಿರ ಇವೆ ಎಂಬುದನ್ನು ಪಕ್ಕಕ್ಕಿಟ್ಟು, ಒಂದರ ಎಳೆತದಿಂದ ಇನ್ನೊಂದರ ಆಕಾರ ಕೆಟ್ಟಿದೆಯೇ ಎಂಬುದನ್ನು ಹುಡುಕಬೇಕು. ಈ ಬರಹದಲ್ಲಿ ಹೇಳಲು ಹೊರಟಿರುವುದು ಆ ಹುಡುಕಾಟದ ಕ್ರಮವನ್ನು.

ಈ ಕೆಲಸಕ್ಕೆ ಸ್ವಂತ ದೂರದರ್ಶಕ ಇರಲೇಬೇಕೆಂದಿಲ್ಲ. ಇಂಟರ್‌ನೆಟ್ ಇರುವ ಕಂಪ್ಯೂಟರ್ ಸಾಕು. ಸ್ಟ್ರಾಸ್‌ಬರ್ಗ್‌ನ ಖಗೋಳ ದತ್ತಾಂಶ ಕೇಂದ್ರದ ಅಲಾಡಿನ್ ಲೈಟ್‌ನಲ್ಲಿ ಗೆಲಾಕ್ಸಿಯ ಹೆಸರನ್ನು ಬರೆದರೆ ಆ ಭಾಗದ ಆಕಾಶವು ಪರದೆಯ ಮೇಲೆ ತೆರೆದುಕೊಳ್ಳುತ್ತದೆ ಮತ್ತು ಕಾಣುವ ಬೆಳಕು, ಅವಕೆಂಪು, ನೇರಳಾತೀತ ಎಂದು ಬೇರೆಬೇರೆ ಸಮೀಕ್ಷೆಗಳ ನಡುವೆ ಬದಲಾಯಿಸಿಕೊಳ್ಳಬಹುದು. ಗೆಲಾಕ್ಸಿಯ ವೇಗ, ದೂರ ಮೊದಲಾದ ಅಂಕಿಗಳಿಗೆ ನಾಸಾದ ಎನ್‌ಇಡಿ ದತ್ತಾಂಶಕೋಶವಿದೆ. ಎರಡೂ ಉಚಿತ. ಯಾವ ಗೆಲಾಕ್ಸಿಯಿಂದ ಆರಂಭಿಸಬೇಕೆಂದು ತೋಚದಿದ್ದರೆ, ಹಾಲ್ಟನ್ ಆರ್ಪ್ 1966ರಲ್ಲಿ ಪ್ರಕಟಿಸಿದ ವಿಚಿತ್ರ ಗೆಲಾಕ್ಸಿಗಳ ಪಟ್ಟಿಯ 338 ನಮೂದುಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು. ನನ್ನ ಸಲಹೆ ಕೇಳುವುದಾದರೆ ಆರ್ಪ್ 244ರಿಂದ ಶುರುಮಾಡಿ. ಎನ್‌ಜಿಸಿ 4038 ಮತ್ತು 4039 ಎಂಬ ಈ ಜೋಡಿಗೆ, ಕೀಟದ ಮೀಸೆಗಳಂತೆ ಹೊರಚಾಚಿದ ಎರಡು ಬಾಲಗಳಿರುವ ಕಾರಣ ಆಂಟೆನಾ ಗೆಲಾಕ್ಸಿಗಳು ಎಂಬ ಹೆಸರು ಬಂದಿದೆ. ನಮ್ಮ ಹಸ್ತಾ ನಕ್ಷತ್ರದ ಪಕ್ಕದಲ್ಲಿಯೇ ಇವುಗಳ ಸ್ಥಾನ.

ಮೊದಲು ವೇಗ, ಆಮೇಲೆ ಚಿತ್ರ

ಚಿತ್ರವನ್ನು ಮೊದಲು ನೋಡಿದರೆ ಮನಸ್ಸು ಅದಾಗಲೇ ಒಂದು ಕತೆ ಕಟ್ಟಿಬಿಡುತ್ತದೆ. ಆದ್ದರಿಂದ ಅಂಕಿಯನ್ನು ಮೊದಲು ನೋಡುವ ಅಭ್ಯಾಸ ಒಳ್ಳೆಯದು. ಗೆಲಾಕ್ಸಿಯ ಬೆಳಕನ್ನು ರೋಹಿತವಾಗಿ, ಅಂದರೆ ಬಣ್ಣಗಳ ಪಟ್ಟಿಯಾಗಿ, ಬಿಡಿಸಿದಾಗ ಅದರ ಗೆರೆಗಳು ಕೆಂಪಿನ ಕಡೆಗೆ ಎಷ್ಟು ಸರಿದಿವೆ ಎಂಬುದರಿಂದ ಅದು ನಮ್ಮಿಂದ ದೂರ ಸರಿಯುವ ವೇಗ ತಿಳಿಯುತ್ತದೆ. ಎನ್‌ಇಡಿಯಲ್ಲಿ ಈ ಕೆಂಪುಪಲ್ಲಟವನ್ನು ದಶಮಾಂಶದಲ್ಲಿ ಕೊಟ್ಟಿರುತ್ತಾರೆ. ಅದು ಚಿಕ್ಕ ಸಂಖ್ಯೆಯಾಗಿದ್ದರೆ 3,00,000ದಿಂದ ಗುಣಿಸಿದಾಗ ಸೆಕೆಂಡಿಗೆ ಇಷ್ಟು ಕಿಲೋಮೀಟರ್ ಎಂಬ ವೇಗ ಸಿಗುತ್ತದೆ. ವಿಶ್ವ ಹಿಗ್ಗುತ್ತಿರುವ ಕಾರಣ ದೂರದ ಗೆಲಾಕ್ಸಿ ಹೆಚ್ಚು ವೇಗವಾಗಿ ಸರಿಯುತ್ತದೆ; ಹಾಗಾಗಿ ಆ ವೇಗವನ್ನು ಹಿಗ್ಗುವಿಕೆಯ ದರವಾದ 70ರಿಂದ ಭಾಗಿಸಿ, ಬಂದ ಉತ್ತರವನ್ನು 32.6 ಲಕ್ಷದಿಂದ ಗುಣಿಸಿದರೆ ಜ್ಯೋತಿರ್ವರ್ಷಗಳಲ್ಲಿ ಅಂದಾಜು ದೂರ ದೊರೆಯುತ್ತದೆ.

ಆಂಟೆನಾ ಜೋಡಿಯ ಲೆಕ್ಕವನ್ನೇ ಮಾಡಿ ನೋಡೋಣ. ಎರಡೂ ಗೆಲಾಕ್ಸಿಗಳ ವೇಗ ಸೆಕೆಂಡಿಗೆ ಸುಮಾರು 1,640 ಕಿ.ಮೀ. ಅದನ್ನು 70ರಿಂದ ಭಾಗಿಸಿದರೆ 23.4; 32.6 ಲಕ್ಷದಿಂದ ಗುಣಿಸಿದರೆ ಸುಮಾರು 7.6 ಕೋಟಿ ಜ್ಯೋತಿರ್ವರ್ಷ. 2007ರಲ್ಲಿ ಅಲ್ಲಿ ಸಿಡಿದ ಸೂಪರ್‌ನೋವಾದ ಪ್ರಖರತೆಯಿಂದ ಅಳೆದ ದೂರ ಸುಮಾರು 7.2 ಕೋಟಿ. ಕಾಗದದ ಮೇಲಿನ ಮೂರು ಸಾಲಿನ ಲೆಕ್ಕಕ್ಕೆ ಇಷ್ಟು ಹೊಂದಿಕೆ ಸಾಕಷ್ಟಾಯಿತು. ಜೋಡಿಯ ವೇಗಗಳ ವ್ಯತ್ಯಾಸ ಸೆಕೆಂಡಿಗೆ 500 ಕಿ.ಮೀ.ಗಿಂತ ಕಡಿಮೆಯಿದ್ದರೆ ಅವು ಪರಸ್ಪರ ಬಂಧಿತವಾಗಿರುವ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಬಹುದು ಎಂಬುದು ಸಾಮಾನ್ಯವಾಗಿ ಬಳಕೆಯಲ್ಲಿರುವ ಅಳತೆಗೋಲು.

ಈ ಒಂದು ಹೆಜ್ಜೆಯನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಸ್ಟೆಫಾನ್‌ನ ಪಂಚಕ ಉದಾಹರಣೆ. ಎಡ್ವಾರ್ಡ್ ಸ್ಟೆಫಾನ್ 1877ರಲ್ಲಿ ಮಾರ್ಸೇಲ್ಸ್‌ನಿಂದ ಗುರುತಿಸಿದ ಈ ಐದು ಗೆಲಾಕ್ಸಿಗಳ ಗುಂಪಿನಲ್ಲಿ ಎನ್‌ಜಿಸಿ 7320ರ ವೇಗ ಸೆಕೆಂಡಿಗೆ ಸುಮಾರು 800 ಕಿ.ಮೀ. ಮಾತ್ರ, ಉಳಿದ ನಾಲ್ಕರದು 5,700ರಿಂದ 6,700ರವರೆಗೆ. ಮೊದಲನೆಯದು ಸುಮಾರು 4 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ನಿಂತು, ಸುಮಾರು 29 ಕೋಟಿ ಜ್ಯೋತಿರ್ವರ್ಷ ಆಚೆಗಿನ ನಾಲ್ಕರ ಗುಂಪುಚಿತ್ರದಲ್ಲಿ ತಾನೂ ಮುಖ ತೂರಿಸಿದೆ. 2022ರ ಜುಲೈಯಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರಗಳು ಬಂದಾಗ ಅನೇಕರು ಐದೂ ಬೆರೆಯುತ್ತಿವೆಯೆಂದೇ ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ, ಚಿತ್ರ ಅಷ್ಟು ಮನವೊಪ್ಪಿಸುವಂತಿದೆ.

ಈ ಸೂತ್ರಕ್ಕೊಂದು ಮಿತಿಯೂ ಇದೆ. ತೀರ ಹತ್ತಿರದ ಗೆಲಾಕ್ಸಿಗಳಲ್ಲಿ ವಿಶ್ವದ ಹಿಗ್ಗುವಿಕೆಗಿಂತ ಪರಸ್ಪರ ಸೆಳೆತದ ಓಟವೇ ಮೇಲುಗೈ ಪಡೆಯುವುದರಿಂದ ವೇಗದಿಂದ ದೂರವನ್ನು ಕಂಡುಹಿಡಿಯಲಾಗದು. ಎಂ 81 ನಮ್ಮ ಕಡೆಗೇ ಸೆಕೆಂಡಿಗೆ ಸುಮಾರು 34 ಕಿ.ಮೀ. ವೇಗದಲ್ಲಿ ಬರುತ್ತಿದ್ದರೆ ಅದರ ಜೊತೆಗಾರ ಎಂ 82 ಸುಮಾರು 200 ಕಿ.ಮೀ. ವೇಗದಲ್ಲಿ ದೂರ ಹೋಗುತ್ತಿದೆ. ಸೂತ್ರವನ್ನು ನಂಬಿದರೆ ಎಂ 81ರ ದೂರ ಸೊನ್ನೆಗಿಂತ ಕಡಿಮೆ ಎಂದು ಬರುತ್ತದೆ! ಆದರೂ ಎರಡರ ವೇಗಗಳ ಅಂತರ 500ರೊಳಗೇ ಇದೆ ಎಂಬುದನ್ನು ಗಮನಿಸಬೇಕು. ಇನ್ನು ನೂರಾರು ಗೆಲಾಕ್ಸಿಗಳಿರುವ ದೊಡ್ಡ ಗುಚ್ಛಗಳಲ್ಲಿ ನೆರೆಯವರ ವೇಗಗಳೇ ಸಾವಿರ ಕಿ.ಮೀ. ಏರುಪೇರಾಗಿರುತ್ತವೆ, ಅಲ್ಲಿ ಅಳತೆಗೋಲನ್ನು ಬಿಗಿಯಾಗಿ ಹಿಡಿಯುವಂತಿಲ್ಲ.

ಎಳೆದಾಟದ ಗುರುತುಗಳು

ವೇಗ ಹೊಂದಿದ ಮೇಲೆ ಚಿತ್ರಕ್ಕೆ ಬರೋಣ. ಚಂದ್ರನ ಸೆಳೆತ ಭೂಮಿಯ ಹತ್ತಿರದ ಮಗ್ಗುಲಿಗೆ ಹೆಚ್ಚು, ದೂರದ ಮಗ್ಗುಲಿಗೆ ಕಡಿಮೆ ಇರುವುದರಿಂದ ಕಡಲು ಎರಡೂ ಕಡೆ ಉಬ್ಬುತ್ತದೆಯಷ್ಟೆ. ಗೆಲಾಕ್ಸಿಗಳಲ್ಲಿಯೂ ಅದೇ ಉಬ್ಬರವಿಳಿತದ ಬಲ ಕೆಲಸಮಾಡುತ್ತದೆ, ಆದರೆ ಗೆಲಾಕ್ಸಿಯ ತಟ್ಟೆ ತಿರುಗುತ್ತಿರುವ ಕಾರಣ ಉಬ್ಬಿದ ಭಾಗ ಅಲ್ಲಿಯೇ ನಿಲ್ಲದೆ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಜೊತೆಗಾರನತ್ತ ಚಾಚಿದ್ದು ಸೇತುವೆ. ಎದುರು ದಿಕ್ಕಿಗೆ ಚಾಚಿದ್ದು ಬಾಲ. ಆಲಾರ್ ಮತ್ತು ಜೂರಿ ಟೂಮ್ರೆ ಸಹೋದರರು 1972ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ಇದನ್ನು ತೋರಿಸಿಕೊಡುವವರೆಗೆ, ಇಷ್ಟು ತೆಳುವಾದ ಎಳೆಗಳು ಬರಿಯ ಗುರುತ್ವದಿಂದ ಮೂಡಬಲ್ಲವೆಂದು ಒಪ್ಪದವರು ಬಹಳ ಮಂದಿಯಿದ್ದರು. ಅತಿಥಿ ಗೆಲಾಕ್ಸಿಯು ತಟ್ಟೆ ತಿರುಗುವ ದಿಕ್ಕಿನಲ್ಲಿಯೇ ಹಾದುಹೋದರೆ ಉದ್ದನೆಯ ಬಾಲ ಏಳುತ್ತದೆ, ವಿರುದ್ಧ ದಿಕ್ಕಿನಲ್ಲಿ ಹಾದುಹೋದರೆ ಅಷ್ಟಾಗಿ ಏಳುವುದಿಲ್ಲ ಎಂಬುದು ಅವರ ಲೆಕ್ಕದಿಂದ ಹೊರಟ ಮುಖ್ಯ ಸಂಗತಿ. ಹಾಗಾಗಿ ಬಾಲವಿಲ್ಲ ಎಂಬ ಒಂದೇ ಕಾರಣಕ್ಕೆ ಜೋಡಿಯೊಂದನ್ನು ತಳ್ಳಿಹಾಕಬಾರದು.

ಬಾಲಗಳು ಬಹಳ ಮಂಕು. ಚಿತ್ರದ ಬಣ್ಣಗಳನ್ನು ತಿರುವುಮುರುವು ಮಾಡಿ, ಅಂದರೆ ಬಿಳಿ ಹಿನ್ನೆಲೆಯ ಮೇಲೆ ಗೆಲಾಕ್ಸಿ ಕಪ್ಪಾಗಿ ಕಾಣುವಂತೆ ಮಾಡಿಕೊಂಡು, ಕಾಂಟ್ರಾಸ್ಟ್ ಹೆಚ್ಚಿಸಿ ನೋಡಿದರೆ ಕಣ್ಣಿಗೆ ಬೇಗ ಸಿಗುತ್ತವೆ. ಗೆಲಾಕ್ಸಿಯ ಬೆಳಗುವ ತಿರುಳಿನಲ್ಲಿಯೇ ದೃಷ್ಟಿ ನೆಡದೆ, ಅದರ ನಾಲ್ಕೈದು ಪಟ್ಟು ಅಗಲದ ಆಕಾಶವನ್ನು ಪರದೆಯ ಮೇಲೆ ತಂದುಕೊಳ್ಳಬೇಕು. ಆಂಟೆನಾದ ಎರಡು ಬಾಲಗಳು ತುದಿಯಿಂದ ತುದಿಗೆ ಪೂರ್ಣಚಂದ್ರನ ಅಗಲದ ಅರ್ಧಕ್ಕೂ ಮೀರಿ ಹಬ್ಬಿವೆ. ಮಧ್ಯಭಾಗವನ್ನಷ್ಟೇ ಹಿಗ್ಗಿಸಿ ನೋಡುವವರಿಗೆ ಅವು ಇವೆಯೆಂದೇ ತಿಳಿಯುವುದಿಲ್ಲ.

ಮೋಸಹೋಗುವ ಜಾಗವೂ ಇದೇ. ನಾನು ಒಮ್ಮೆ ಒಂದು ಗೆಲಾಕ್ಸಿಯ ಪಕ್ಕದಲ್ಲಿ ಸೊಗಸಾದ ಬಾಲವನ್ನು ಕಂಡು ಇಡೀ ಸಂಜೆ ಅದರ ಉದ್ದವನ್ನು ಅಳೆಯುತ್ತ ಕುಳಿತಿದ್ದೆ. ಕೊನೆಗೆ ಅದೇ ಭಾಗವನ್ನು ದೂರದ ಅವಕೆಂಪಿನ ಸಮೀಕ್ಷೆಯಲ್ಲಿ ತೆರೆದಾಗ ಬಾಲವು ಗೆಲಾಕ್ಸಿಯನ್ನು ದಾಟಿ ಪರದೆಯ ಆಚೆಗೂ ಹಬ್ಬಿದ್ದು ಕಂಡಿತು. ಅದು ನಮ್ಮ ಆಕಾಶಗಂಗೆಯದೇ ದೂಳಿನ ತೆಳುಮೋಡ. ಅಂಥ ದೂಳು ಕೆದರಿದ ಅರಳೆಯಂತೆ ಚಿತ್ರವಿಡೀ ಹರಡಿರುತ್ತದೆ, ನಿಜವಾದ ಬಾಲಕ್ಕಾದರೆ ಗೆಲಾಕ್ಸಿಯಲ್ಲಿ ಬೇರಿರುತ್ತದೆ. ಪ್ರಖರ ನಕ್ಷತ್ರಗಳ ಸುತ್ತ ಮಸೂರದಲ್ಲಿ ಮೂಡುವ ಉಂಗುರಾಕಾರದ ಪ್ರತಿಫಲನಗಳು, ಎರಡು ಛಾಯಾಚಿತ್ರಗಳನ್ನು ಹೊಲಿದ ಅಂಚುಗಳು ಇವೂ ಬಾಲದ ವೇಷ ಹಾಕುತ್ತವೆ. ಒಂದು ಸಮೀಕ್ಷೆಯಲ್ಲಿ ಕಂಡದ್ದು ಬೇರೆ ದೂರದರ್ಶಕದ ಸಮೀಕ್ಷೆಯಲ್ಲಿಯೂ ಕಂಡರೆ ಮಾತ್ರ ಟಿಪ್ಪಣಿಗೆ ಸೇರಿಸುವುದು ಕ್ಷೇಮ.

ಬಣ್ಣ ಹೇಳುವ ಸಂಗತಿ

ಗೆಲಾಕ್ಸಿಗಳು ಬೆರೆಯುವಾಗ ನಕ್ಷತ್ರಗಳು ಒಂದಕ್ಕೊಂದು ಬಡಿದುಕೊಳ್ಳುವುದು ಇಲ್ಲವೆಂಬಷ್ಟು ಅಪರೂಪ. ಸೂರ್ಯನನ್ನು ಒಂದೂವರೆ ಸೆಂಟಿಮೀಟರಿನ ಗೋಲಿಯೆಂದು ಎಣಿಸಿ ಬೆಂಗಳೂರಿನಲ್ಲಿಟ್ಟರೆ, ಅದೇ ಪ್ರಮಾಣದಲ್ಲಿ ನೆರೆಯ ನಕ್ಷತ್ರ ಸುಮಾರು ಹುಬ್ಬಳ್ಳಿಯಲ್ಲಿ ಬೀಳುತ್ತದೆ. ಅಷ್ಟು ವಿರಳವಾಗಿ ಚೆಲ್ಲಿದ ಗೋಲಿಗಳ ಎರಡು ಗುಂಪುಗಳು ಒಂದರೊಳಗೊಂದು ಹಾದುಹೋಗಬಲ್ಲವು. ಅನಿಲಕ್ಕೆ ಆ ಅನುಕೂಲವಿಲ್ಲ. ಅದರ ಮೋಡಗಳು ನೇರವಾಗಿ ಘರ್ಷಿಸಿ, ಒತ್ತಿಕೊಂಡು, ಕುಸಿದು ಹೊಸ ನಕ್ಷತ್ರಗಳನ್ನು ರಾಶಿರಾಶಿಯಾಗಿ ಹುಟ್ಟಿಸುತ್ತವೆ. ಆದ್ದರಿಂದ ಚಿತ್ರದಲ್ಲಿ ನೀಲಿ ಗಂಟುಗಳು ಕಂಡರೆ ಅವು ಎಳೆಯ ನಕ್ಷತ್ರಗುಚ್ಛಗಳು; ನಸುಗೆಂಪು ಚುಕ್ಕೆಗಳು ಆ ನಕ್ಷತ್ರಗಳ ಸುತ್ತ ಕಾದು ಬೆಳಗುವ ಜಲಜನಕ; ಕಂದು ಪಟ್ಟೆಗಳು ದೂಳು. ಆಂಟೆನಾದ ತಿರುಳುಗಳ ನಡುವೆ ಇಂಥ ಎಳೆಯ ಗುಚ್ಛಗಳನ್ನು ಹಬಲ್ ಸಾವಿರಕ್ಕೂ ಹೆಚ್ಚು ಎಣಿಸಿದೆ.

ಆದರೆ ಬಣ್ಣವನ್ನೊಂದೇ ನೆಚ್ಚಿಕೊಂಡರೆ ಅತ್ಯಂತ ತೀವ್ರವಾದ ಬೆರೆಯುವಿಕೆಗಳೇ ಕೈತಪ್ಪುತ್ತವೆ. ಸುಮಾರು 25 ಕೋಟಿ ಜ್ಯೋತಿರ್ವರ್ಷ ದೂರದ ಆರ್ಪ್ 220 ಕಾಣುವ ಬೆಳಕಿನಲ್ಲಿ ಮಾಸಲು ಮುದ್ದೆಯಂತಿದೆ, ಏಕೆಂದರೆ ಅದರೊಳಗಿನ ನಕ್ಷತ್ರಜನನವೆಲ್ಲ ದೂಳಿನಡಿ ಹೂತಿದೆ. ದೂಳು ಕಾದು ಹೊಮ್ಮಿಸುವ ಅವಕೆಂಪು ಬೆಳಕನ್ನು ಲೆಕ್ಕಹಾಕಿದರೆ ಅದು ಒಂದು ಲಕ್ಷ ಕೋಟಿ ಸೂರ್ಯರಿಗೂ ಮಿಗಿಲು. ಹಾಗಾಗಿ ಪ್ರತಿ ಜೋಡಿಯನ್ನೂ ಅವಕೆಂಪಿನಲ್ಲಿ ಒಮ್ಮೆ ತೆರೆದು ನೋಡಲೇಬೇಕು. ಎಳೆಯ ನಕ್ಷತ್ರಗಳನ್ನು ಹುಡುಕುವವರಿಗೆ ನೇರಳಾತೀತ ಉಪಯುಕ್ತ. 2015ರಲ್ಲಿ ಇಸ್ರೊ ಹಾರಿಸಿದ ಆಸ್ಟ್ರೊಸ್ಯಾಟ್‌ನಲ್ಲಿರುವ ನೇರಳಾತೀತ ದೂರದರ್ಶಕವನ್ನು ಸಿದ್ಧಪಡಿಸುವಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದೇ ಮುಂದಾಳುತನ.

ಯಾವ ಹಂತ ಎಂದು ನಿರ್ಧರಿಸುವುದು

ಒಂದು ಬೆರೆಯುವಿಕೆ ಪೂರೈಸಲು ಕೋಟಿಗಟ್ಟಲೆ, ಕೆಲವೊಮ್ಮೆ ನೂರು ಕೋಟಿಗೂ ಮೀರಿದ ವರ್ಷಗಳು ಬೇಕು; ನಮಗೆ ಸಿಗುವುದು ಒಂದೊಂದು ಜೋಡಿಯ ಒಂದೊಂದು ಕ್ಷಣಚಿತ್ರ. ಬಾಲವಾಗಲಿ ಸೇತುವೆಯಾಗಲಿ ಇಲ್ಲದೆ ವೇಗ ಮಾತ್ರ ಹೊಂದಿದ್ದರೆ ಇನ್ನೂ ಸಮೀಪಿಸುತ್ತಿರಬಹುದು. ತಿರುಳುಗಳು ಬೇರೆಬೇರೆಯಾಗಿದ್ದು ಬಾಲಗಳು ಚಾಚಿದ್ದರೆ ಒಮ್ಮೆಯಾದರೂ ಹಾದುಹೋಗಿವೆ. ಇಲಿಗಳು ಎಂದು ಕರೆಯುವ ಎನ್‌ಜಿಸಿ 4676 ಈ ಬಗೆಯದು. ಒಂದೇ ಮೈಯೊಳಗೆ ಎರಡು ತಿರುಳುಗಳಿದ್ದರೆ ಕೊನೆಯ ಹಂತ ಸಮೀಪಿಸಿದೆ, ಆರ್ಪ್ 220ರಲ್ಲಿ ಅವುಗಳ ನಡುವಿನ ಅಂತರ ಸುಮಾರು 1,200 ಜ್ಯೋತಿರ್ವರ್ಷ ಮಾತ್ರ. ತಿರುಳು ಒಂದೇ ಆಗಿ, ಹೊರಗೆ ಈರುಳ್ಳಿಯ ಪದರಗಳಂತೆ ಮಂಕು ಕಮಾನುಗಳು ಉಳಿದಿದ್ದರೆ ಊಟ ಮುಗಿದು ಎಲೆಯಷ್ಟೇ ಉಳಿದಿದೆ ಎನ್ನಬಹುದು.

ಇನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಯುಗಾದಿಯ ಆಸುಪಾಸಿನ ಅಮಾವಾಸ್ಯೆಯಷ್ಟು ಒಳ್ಳೆಯ ಕಾಲ ಬೇರೊಂದಿಲ್ಲ. ಊರ ದೀಪಗಳಿಂದ ದೂರ ಹೋಗಿ, ರಾತ್ರಿ ಹನ್ನೊಂದರ ಹೊತ್ತಿಗೆ ಉತ್ತರಕ್ಕೆ ತಿರುಗಿ, ಸಪ್ತರ್ಷಿಗಳ ಬಾಲದ ತುದಿಯ ಮರೀಚಿಯಿಂದ ಮೂರೂವರೆ ಡಿಗ್ರಿ ಸರಿದರೆ ಎಂ 51 ಸಿಗುತ್ತದೆ. ಎಂಟು ಇಂಚಿನ ದೂರದರ್ಶಕದಲ್ಲಿ ಒಂದು ದೊಡ್ಡ, ಒಂದು ಚಿಕ್ಕ ಮಂಜಿನ ಚುಕ್ಕೆ ಜೋಡಿಯಾಗಿ ಕಾಣುತ್ತವೆ. ಚಿಕ್ಕದು ಎನ್‌ಜಿಸಿ 5195. ಸುರುಳಿ ಕಾಣಲಿಲ್ಲವೆಂದು ಬೇಸರಪಡಬೇಕಿಲ್ಲ, 1845ರಲ್ಲಿ ಲಾರ್ಡ್ ರಾಸ್ ಅದನ್ನು ಮೊದಲು ಬಿಡಿಸಿದಾಗ ಅವರ ಬಳಿಯಿದ್ದ ದೂರದರ್ಶಕದ ಕನ್ನಡಿ 72 ಇಂಚಿನದು. ಮಧ್ಯರಾತ್ರಿ ದಾಟಿದ ಮೇಲೆ ದಕ್ಷಿಣಕ್ಕೆ ತಿರುಗಿದರೆ ಸೆಂಟಾರಸ್ ಎ ಗೆಲಾಕ್ಸಿ ದಿಗಂತದಿಂದ ಸುಮಾರು 34 ಡಿಗ್ರಿ ಎತ್ತರದಲ್ಲಿರುತ್ತದೆ. ಅದು ಬೈನಾಕ್ಯುಲರಿಗೂ ಸಿಗುವಷ್ಟು ಪ್ರಕಾಶಮಾನ; ನಡುವಿನ ದೂಳಿನ ಪಟ್ಟೆ ದೂರದರ್ಶಕಕ್ಕೆ ಸಿಗುತ್ತದೆ. ಆ ಪಟ್ಟೆ, ಸೆಂಟಾರಸ್ ಎ ಹಿಂದೆಂದೋ ನುಂಗಿದ ಗೆಲಾಕ್ಸಿಯೊಂದರ ಉಳಿಕೆ. ಲಂಡನ್ನಿನವರಿಗೆ ಈ ಗೆಲಾಕ್ಸಿ ದಿಗಂತದ ಮೇಲೆ ಏಳುವುದೇ ಇಲ್ಲ.

ನೋಡಿದ್ದನ್ನು ಆ ರಾತ್ರಿಯೇ ಬರೆದಿಡುವುದು ಒಳ್ಳೆಯದು, ಮತ್ತು ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆ ಸಾಲಿನಲ್ಲಿ ಬರೆಯಬೇಕು. ನನ್ನ ಪುಸ್ತಕದಲ್ಲಿ ಆಂಟೆನಾದ ನಮೂದು ಹೀಗಿದೆ: ವೇಗ ಎರಡಕ್ಕೂ 1,640ರ ಆಸುಪಾಸು; ಬಾಲ ಎರಡು, ಎರಡು ಸಮೀಕ್ಷೆಗಳಲ್ಲಿ ಖಚಿತ; ತಿರುಳು ಎರಡು, ನಡುವೆ ದೂಳು; ಎಂಟು ಇಂಚಿನಲ್ಲಿ ಬಾಲ ಕಾಣಲಿಲ್ಲ, ಮಂಕಾದ ಗೋಡಂಬಿಯಂಥ ಆಕಾರ ಮಾತ್ರ; ತೀರ್ಮಾನ, ಬೆರೆಯುತ್ತಿವೆ. ಅದರ ಕೆಳಗಿನ ನಾಲ್ಕು ಜೋಡಿಗಳ ಮುಂದೆ ತೀರ್ಮಾನದ ಜಾಗ ಇನ್ನೂ ಖಾಲಿಯಿದೆ; ಎರಡಕ್ಕೆ ಎನ್‌ಇಡಿಯಲ್ಲಿ ಒಂದೇ ಗೆಲಾಕ್ಸಿಯ ವೇಗ ಸಿಕ್ಕಿದೆ, ಇನ್ನೆರಡರ ಬಾಲಗಳು ಒಂದು ಸಮೀಕ್ಷೆಯಲ್ಲಿ ಕಂಡು ಇನ್ನೊಂದರಲ್ಲಿ ಕಾಣಲಿಲ್ಲ.