ಒತ್ತಿದ ಕೀಗೆ ಸ್ಪಂದಿಸುವ ಬ್ಯಾಚ್ ಫೈಲ್: ನನ್ನ ಅನುಭವ

ದಿನದ ಕೆಲಸ ಮುಗಿದ ಮೇಲೆ ಕಡತಗಳನ್ನು ಬೇರೊಂದು ಡ್ರೈವಿಗೆ ನಕಲು ಮಾಡಿಡಲು ವಿಂಡೋಸ್‌ನಲ್ಲಿ ಒಂದು ಚಿಕ್ಕ ಬ್ಯಾಚ್ ಫೈಲ್ (ಒಂದರ ನಂತರ ಒಂದು ನಡೆಯುವ ಆಜ್ಞೆಗಳ ಕಡತ) ಬರೆದುಕೊಂಡಿದ್ದೆ. ನಕಲು ಮಾಡಲು 1, ಹಳೆಯ ಪ್ರತಿಗಳನ್ನು ಅಳಿಸಲು 2, ಹೊರಬರಲು 0 ಎಂಬುದು ಅದರ ಮೆನು. ಉತ್ತರ ಪಡೆಯಲು ಮೊದಲು ಸೆಟ್ ಆಜ್ಞೆಯನ್ನು /ಪಿ ಸ್ವಿಚ್ಚಿನೊಂದಿಗೆ ಬಳಸಿದೆ. ಪ್ರತಿ ಸಲವೂ ಎಂಟರ್ ಒತ್ತಬೇಕಾದದ್ದು ಸಣ್ಣ ತೊಡಕು. ಆದರೆ ಏನನ್ನೂ ಟೈಪ್ ಮಾಡದೆ ಬರಿಯ ಎಂಟರ್ ಒತ್ತಿದರೆ ಉತ್ತರವನ್ನು ಹಿಡಿದಿಡುವ ವೇರಿಯಬಲ್‌ನಲ್ಲಿ ಹಿಂದಿನ ಬೆಲೆಯೇ ಉಳಿಯುವುದರಿಂದ, ಮೆನು ಎರಡನೆಯ ಬಾರಿ ಬಂದಾಗ ಹಳೆಯ ಉತ್ತರವೇ ಮತ್ತೆ ಜಾರಿಗೆ ಬರುತ್ತಿತ್ತು. ಪಾಸ್ (pause) ಆಜ್ಞೆ ಯಾವುದೋ ಒಂದು ಕೀಗಾಗಿ ಕಾಯುತ್ತದೆಯೇ ಹೊರತು ಒತ್ತಿದ್ದು ಯಾವುದೆಂದು ತಿಳಿಸುವುದಿಲ್ಲ.

ಕೊನೆಗೆ, ಒತ್ತಿದ ಕೀಯನ್ನು ಗುರುತಿಸುವ ಚಾಯ್ಸ್ ಆಜ್ಞೆಗೆ ಬಂದೆ. ಎಂಎಸ್-ಡಾಸ್ 6ರ ಕಾಲದ ಈ ಆಜ್ಞೆ ವಿಂಡೋಸ್ ಎಕ್ಸ್‌ಪಿಯಲ್ಲಿ ಇರಲಿಲ್ಲ, ವಿಸ್ಟಾದಲ್ಲಿ ಮರಳಿತು. ನಾನು ಬರೆದ ಸಾಲು ಇದು: ಚಾಯ್ಸ್ /ಸಿ 120 /ಎನ್ /ಟಿ 20 /ಡಿ 0. ಅಂದರೆ 1, 2, 0 ಈ ಮೂರು ಕೀಗಳಿಗೆ ಮಾತ್ರ ಮಾನ್ಯತೆ, ಅವುಗಳ ಪಟ್ಟಿಯನ್ನು ತೆರೆಯಲ್ಲಿ ತೋರಿಸುವುದು ಬೇಡ (/ಎನ್), ಇಪ್ಪತ್ತು ಸೆಕೆಂಡುಗಳಲ್ಲಿ ಯಾರೂ ಒತ್ತದಿದ್ದರೆ 0 ಒತ್ತಿದಂತೆಯೇ ಲೆಕ್ಕ. ಒತ್ತಿದ ಕೀಯನ್ನು ಅದು ಎರರ್‌ಲೆವೆಲ್, ಅಂದರೆ ಆಜ್ಞೆ ಮುಗಿದಾಗ ಬಿಟ್ಟುಹೋಗುವ ಸಂಖ್ಯೆಯ ಮೂಲಕ ತಿಳಿಸುತ್ತದೆ, ಆದರೆ ಹೇಳುವುದು ಕೀಯ ಹೆಸರನ್ನಲ್ಲ, ಪಟ್ಟಿಯಲ್ಲಿ ಅದರ ಸ್ಥಾನವನ್ನು. ಹಾಗಾಗಿ 0 ಒತ್ತಿದರೆ ಎರರ್‌ಲೆವೆಲ್ 3 ಆಗುತ್ತದೆ.

ನಾನು ಎಡವಿದ್ದು ಇದರ ಮುಂದಿನ ಸಾಲಿನಲ್ಲಿ. ‘ಇಫ್ ಎರರ್‌ಲೆವೆಲ್ 1’ ಎಂದರೆ ಬೆಲೆ ಸರಿಯಾಗಿ 1 ಎಂದು ಭಾವಿಸಿ ಅದನ್ನೇ ಮೊದಲು ಬರೆದಿದ್ದೆ. ಅದರ ನಿಜವಾದ ಅರ್ಥ 1 ಅಥವಾ ಅದಕ್ಕಿಂತ ಹೆಚ್ಚು. ಒಂದು ಸಂಜೆ, ಮೂಲ ಕಡತವೊಂದು ಹಾಳಾಗಿರುವುದು ಗೊತ್ತಿದ್ದೇ ಹೊರಬರಲು 0 ಒತ್ತಿದೆ. ಎರರ್‌ಲೆವೆಲ್ 3 ಬಂತು, ಮೊದಲ ಷರತ್ತೇ ಅದನ್ನು ಹಿಡಿದುಕೊಂಡಿತು, ನಕಲು ಶುರುವಾಗಿ ಹಾಳಾದ ಕಡತ ಒಳ್ಳೆಯ ಪ್ರತಿಯ ಮೇಲೆಯೇ ಕುಳಿತಿತು. ಅಂದಿನಿಂದ ಷರತ್ತುಗಳನ್ನು 3, 2, 1 ಎಂಬ ಇಳಿಕೆಯ ಕ್ರಮದಲ್ಲಿಯೇ ಬರೆಯುತ್ತೇನೆ.

ಆ ಘಟನೆಯ ನಂತರ ಎರರ್‌ಲೆವೆಲ್‌ನ ಉಳಿದ ಬೆಲೆಗಳನ್ನೂ ಗಮನವಿಟ್ಟು ನೋಡಿದೆ. ಚಾಯ್ಸ್ ಆಜ್ಞೆಯಲ್ಲೇ ದೋಷವಾದರೆ ಬರುವುದು 255. ಇಳಿಕೆಯ ಕ್ರಮದಲ್ಲಿ ಅದು ಮೊದಲ ಷರತ್ತಿಗೆ, ಅಂದರೆ ಪಟ್ಟಿಯ ಕೊನೆಯ ಕೀಗೆ ಹೋಗಿ ಬೀಳುತ್ತದೆ. ಕೊನೆಯ ಸ್ಥಾನದಲ್ಲಿ ಅಳಿಸುವ ಕೀ ಇದ್ದಿದ್ದರೆ ಒಂದು ಟೈಪಿಂಗ್ ತಪ್ಪೇ ನನ್ನ ಪ್ರತಿಗಳನ್ನು ಅಳಿಸಲು ಸಾಕಾಗುತ್ತಿತ್ತು, ಆದ್ದರಿಂದ ಹೊರಬರುವ ಕೀಯನ್ನು ಎಂದೂ ಕೊನೆಯಲ್ಲಿಯೇ ಇಡುತ್ತೇನೆ. ಕಂಟ್ರೋಲ್ ಮತ್ತು ಸಿ ಒತ್ತಿದಾಗ ಬರುವುದು 0. ಕೆಲಸ ನಿಲ್ಲಿಸಬೇಕೇ ಎಂಬ ಪ್ರಶ್ನೆಗೆ ಬೇಡವೆಂದರೆ ಸ್ಕ್ರಿಪ್ಟ್ ಎಲ್ಲ ಷರತ್ತುಗಳನ್ನೂ ದಾಟಿ ಕೆಳಗಿನ ಸಾಲಿಗೆ ಇಳಿಯುತ್ತದೆ. ಅಲ್ಲಿಯೂ ನಿರ್ಗಮನದ ಭಾಗಕ್ಕೆ ಜಿಗಿಯುವ ಒಂದು ಗೋಟು (goto) ಸಾಲನ್ನು ಸೇರಿಸಿದ್ದೇನೆ.

ಇನ್ನೊಂದು ತೊಂದರೆ ಆವರಣ ಚಿಹ್ನೆಗಳದ್ದು. ಚಾಯ್ಸ್ ಸಾಲನ್ನು ಆವರಣದೊಳಗೆ ಇಟ್ಟು, ಶೇಕಡಾ ಚಿಹ್ನೆಗಳ ನಡುವೆ ಎರರ್‌ಲೆವೆಲ್ ಬರೆದು ಅಲ್ಲಿಯೇ ಓದಿದರೆ ಹಳೆಯ ಬೆಲೆ ಸಿಗುತ್ತದೆ, ಏಕೆಂದರೆ ಇಡೀ ಆವರಣವನ್ನು ಓದುವ ಹೊತ್ತಿಗೇ, ಯಾವ ಕೀಯನ್ನೂ ಒತ್ತುವ ಮೊದಲೇ, ಆ ಬೆಲೆ ತುಂಬಿಹೋಗಿರುತ್ತದೆ. ಸಾಲು ನಡೆಯುವ ಹೊತ್ತಿಗಷ್ಟೇ ಬೆಲೆಯನ್ನು ತುಂಬುವ ಡಿಲೇಡ್ ಎಕ್ಸ್‌ಪ್ಯಾನ್ಶನ್ ಇದಕ್ಕೆ ಪರಿಹಾರವಾದರೂ, ಅದು ಚಾಲ್ತಿಯಲ್ಲಿರುವಾಗ ಕಡತಗಳನ್ನು ಒಂದೊಂದಾಗಿ ಎತ್ತಿಕೊಳ್ಳುವ ಫಾರ್ ಲೂಪಿನಲ್ಲಿ ಬರುವ ಕಡತದ ಹೆಸರಿನ ಆಶ್ಚರ್ಯಸೂಚಕ ಚಿಹ್ನೆ ಮಾಯವಾಗುತ್ತದೆ. ನಕಲು ಮಾಡುವ ಸ್ಕ್ರಿಪ್ಟಿಗೆ ಅದು ಸಲ್ಲದು. ‘ಇಫ್ ಎರರ್‌ಲೆವೆಲ್’ ರೂಪ ಆವರಣದೊಳಗೂ ಆ ಕ್ಷಣದ ಬೆಲೆಯನ್ನೇ ನೋಡುವುದರಿಂದ ಅದನ್ನೇ ಉಳಿಸಿಕೊಂಡೆ.

ಬಾಣದ ಕೀಗಳನ್ನೂ ಫಂಕ್ಷನ್ ಕೀಗಳನ್ನೂ ಚಾಯ್ಸ್ ಸ್ವೀಕರಿಸುವುದಿಲ್ಲ, ನನಗೆ ಅವುಗಳ ಅಗತ್ಯವೂ ಬೀಳಲಿಲ್ಲ. ಅಳಿಸುವ ಭಾಗಕ್ಕೆ ಮಾತ್ರ ಎರಡನೆಯ ಚಾಯ್ಸ್ ಸಾಲೊಂದನ್ನು ಸೇರಿಸಿ, ಒಪ್ಪಿಗೆಯ ಕೀಯನ್ನು 2ರಿಂದ ದೂರವಿರುವ 9ಕ್ಕೆ ಕೊಟ್ಟಿದ್ದೇನೆ. ಒಂದೇ ಕೀಯನ್ನು ಅವಸರದಲ್ಲಿ ಎರಡು ಸಲ ಒತ್ತಿದರೂ ಈಗ ಏನೂ ಅಳಿಸಿಹೋಗುವುದಿಲ್ಲ.